ಅಡುಗೆಮನೆ ಕಿಟಕಿಗೆ ಬೀಜದ ಕುಂಡ: ಟೊಮೆಟೊ ಸಸಿ ಬೀಳ್ತಿದೆ, ಕೊತ್ತಂಬರಿ ಏಳ್ತಿಲ್ಲ

ಕಿಟಕಿಕಟ್ಟೆ:
ಬೀಜ ಹಾಕಿ ಅಭ್ಯಾಸವೇ ಇಲ್ಲದವರು ನೋಡಿ ಕಲಿಯುವಂಥ ಕುಂಡ ಮಾಡ್ತಿದ್ದೇವೆ. 10 ಸೆಂ.ಮೀ. ಅಗಲ, ಕೆಳಗೆ ಅರ್ಧ ಲೀಟರ್ ನೀರಿನ ಬಟ್ಟಲು, ನೀರೆಳೆಯೋಕೆ ಹತ್ತಿ ಬತ್ತಿ, ಮೇಲೆ ಪಾರದರ್ಶಕ ಮುಚ್ಚಳ. ಮೆಂತ್ಯ ಸಲೀಸಾಗಿ ಬರುತ್ತೆ. ಕೊತ್ತಂಬರಿ ಅರ್ಧಕ್ಕರ್ಧ ಏಳೋದೇ ಇಲ್ಲ. ಟೊಮೆಟೊ ಮೊಳೆತ ನಾಲ್ಕೈದು ದಿನಕ್ಕೆ ಬುಡದಲ್ಲೇ ಬಾಗಿ ಮಲಗುತ್ತೆ. ಏನು ಬದಲಾಯಿಸೋದು?

ಸಸಿಮಡಿ:
ಬಿದ್ದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗಿದಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿ ಕಂದಾಗಿದ್ರೆ ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಥರದ ರೋಗಾಣುಗಳಿಗೆ ಬೇಕಾದ್ದೇ ಸದಾ ಒದ್ದೆ, ಗಾಳಿಯಾಡದ ಜಾಗ. ಅರ್ಧ ಬೀಜ ಮೊಳೆತ ದಿನವೇ ಮುಚ್ಚಳ ತೆಗೀಬೇಕು. ಕೈಪಿಡಿಯಲ್ಲಿ ಬರೆದ್ರೆ ಯಾರು ಓದ್ತಾರೆ? ಮುಚ್ಚಳದ ಎತ್ತರ 2–3 ಸೆಂ.ಮೀ.ಗೆ ಇಳಿಸಿ, ಸಸಿಯ ತಲೆ ತಾಗಿದಾಗ ತಾನಾಗೇ ಗೊತ್ತಾಗುತ್ತೆ. ಹತ್ತಿ ಬತ್ತಿ ಬೇಗ ಕೊಳೆಯುತ್ತೆ, ಹೆಣೆದ ನೈಲಾನ್ ಹುರಿ ಹಾಕಿ.

ಧನಿಯಾ:
ಕೊತ್ತಂಬರಿ ಕಾಳು ಅಂದ್ರೆ ಇಡೀ ಕಾಯಿ, ಒಳಗೆ ಎರಡು ಬೀಜ ಇರುತ್ತೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಹೋಳು ಮಾಡಿ (ಪುಡಿಯಾದ್ರೆ ಕೆಟ್ಟಿತು), ರಾತ್ರಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಹಾಕಿ. ಅಂಗಡಿ ಧನಿಯಾ ಹಳೇದಿರಬಹುದು, ಬಿತ್ತನೆ ಬೀಜವೇ ತನ್ನಿ. ಕುಂಡದ ಜೊತೆ ಒಂದು ಕಡ್ಡಿ ಕೊಡಿ: ಟೊಮೆಟೊಗೆ ಅರ್ಧ ಸೆಂ.ಮೀ., ಕೊತ್ತಂಬರಿಗೆ ಒಂದು ಅಂತ ಗೀರು ಹಾಕಿ, ಹಿಂಬದಿ ಚಪ್ಪಟೆಯಾಗಿರಲಿ, ಕಾಳು ಒತ್ತೋಕಾಗುತ್ತೆ. ಕುಂಡದ ಮೇಲೆ ಮೊಳೆಯೋಕೆ ಬೇಕಾದ ದಿನಗಳನ್ನೂ ಕೆತ್ತಿ: ಮೆಂತ್ಯ 2–4, ಟೊಮೆಟೊ 5–10, ಕೊತ್ತಂಬರಿ 8–15. ಇಲ್ದಿದ್ರೆ ಐದನೇ ದಿನ ಕೆದಕಿ ನೋಡೋರೇ ಜಾಸ್ತಿ.

ಎರೆಹುಳ:
ಬತ್ತಿ ವಿಷಯಕ್ಕೆ ನನ್ನ ತಕರಾರಿದೆ. ಮೊದಲ ದಿನದಿಂದ ಬತ್ತಿ ಇದ್ರೆ ಬಟ್ಟಲು ತುಂಬೋದು ಕಲೀತಾರೆ, ನೀರು ಹಾಕೋದು ಕಲಿಯಲ್ಲ. ಕುಂಡ ಎತ್ತಿ ತೂಕ ನೋಡೋ ಅಭ್ಯಾಸ ಆಗಲಿ. ಮೊದಲ ಬೀಜದೆಲೆಗಳಾದ ಮೇಲೆ ಎರಡು ನಿಜವಾದ ಎಲೆ ಬಂದಾಗ ಸೇರಿಸೋ ಹಾಗೆ ಬತ್ತಿ ಬೇರೆಯಾಗಿರಲಿ. ಈ ಅಳತೆಗೆ 200 ಮಿ.ಲೀ. ನೀರು ಸಾಕು. ಬಟ್ಟಲ ಬಾಯಿ ಪೂರ್ತಿ ಮುಚ್ಚಿರಬೇಕು, ನಮ್ಮ ಸೆಖೆಗೆ ವಾರ ಹತ್ತು ದಿನದಲ್ಲೇ ಸೊಳ್ಳೆ ಹೊರಡುತ್ತೆ. ಬಟ್ಟಲು ಪಾರದರ್ಶಕ ಬೇಡ, ಪಾಚಿ ಕಟ್ಟುತ್ತೆ. ನೀರಿನ ಮಟ್ಟ ಕಾಣೋಕೆ ಸಣ್ಣ ಪಾರದರ್ಶಕ ಪಟ್ಟಿ ಸಾಕು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಸಲ ತೊಳೆದು ಉಪ್ಪು ತೆಗೆದು, ಎರಡು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ.