ಅಪ್‌ಡೇಟ್: ಕಲ್ಯಾಣ ಮಂಟಪದ ಬಾಡಿಗೆ ಮತ್ತು ಅದರಾಚೆಯ ಖರ್ಚು

ತಂಗಿಯ ಮದುವೆಗೆ ಮೈಸೂರಿನಲ್ಲಿ ಎರಡು ಲಕ್ಷ ರೂಪಾಯಿ ಬಾಡಿಗೆಯ ಮಂಟಪವೊಂದನ್ನು ನೋಡಿದ್ದೇವೆ, ಅದರ ಮೇಲೆ ಇನ್ನೆಷ್ಟು ಹಣ ತೆಗೆದಿಡಬೇಕು ಎಂದು ಹಿಂದೆ ಕೇಳಿದ್ದೆ. ಮದುವೆ ಸಾಂಗವಾಗಿ ನೆರವೇರಿತು. ಲೆಕ್ಕವೂ ಚುಕ್ತಾ ಆಗಿದೆ.

ಶೇ. 18ರ ಜಿಎಸ್‌ಟಿ ಸೇರಿದಾಗಲೇ ಬಾಡಿಗೆ 2,36,000 ರೂಪಾಯಿಗೆ ಏರಿತು. ಅದು ಮೊದಲೇ ಗೊತ್ತಿದ್ದ ಖರ್ಚು. ಅಂದಾಜಿಗೆ ಸಿಗದೆ ಉಳಿದದ್ದು ವಿದ್ಯುತ್ತಿನ ಬಾಬ್ತು. ವರಪೂಜೆಯ ಸಂಜೆ ಬೀಗದ ಕೈ ಕೊಡುವಾಗ ಒಮ್ಮೆ, ಮರುದಿನ ಮಂಟಪ ಬಿಟ್ಟುಕೊಡುವಾಗ ಇನ್ನೊಮ್ಮೆ ಮೀಟರ್ ನೋಡಿ ಯೂನಿಟ್ಟಿನ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ಜನರೇಟರ್ ಓಡಿದರೆ ಗಂಟೆಗೆ ಇಷ್ಟೆಂದು ಡೀಸೆಲ್ ಖರ್ಚು ಬೇರೆ. ನೀವು ಕೊಟ್ಟ ಸಲಹೆಯಂತೆ ನಮ್ಮ ಸೋದರಮಾವ ಮೊದಲ ರೀಡಿಂಗಿನ ಫೋಟೊ ತೆಗೆದು, ಪಕ್ಕದಲ್ಲಿಯೇ ಮ್ಯಾನೇಜರರಿಂದ ಚೀಟಿಯೊಂದಕ್ಕೆ ಸಹಿಯನ್ನೂ ಹಾಕಿಸಿಕೊಂಡಿದ್ದರಿಂದ ಕೊನೆಯಲ್ಲಿ ತಕರಾರಿಗೆ ಎಡೆಯಾಗಲಿಲ್ಲ. (ಮಾವನವರು ಆ ಚೀಟಿಯನ್ನು ಧಾರೆಯ ಹೊತ್ತಿನಲ್ಲಿಯೂ ಜೇಬಿನಲ್ಲಿಯೇ ಇಟ್ಟುಕೊಂಡಿದ್ದರು.)

ಬಾಡಿಗೆ ಕಡಿಮೆಯಿದ್ದ ಇನ್ನೊಂದು ಮಂಟಪವನ್ನು ನಾವು ಬಿಟ್ಟದ್ದಕ್ಕೆ ಕಾರಣ, ಅಡುಗೆಯನ್ನು ಅವರು ಹೇಳಿದ ಕಂಟ್ರಾಕ್ಟರಿಗೇ ಒಪ್ಪಿಸಬೇಕೆಂಬ ಷರತ್ತು. ಊಟದ ಖರ್ಚು ಎಲೆಯ ಲೆಕ್ಕದಲ್ಲಿ ಬರುವುದರಿಂದ, ಎಲೆಯೊಂದಕ್ಕೆ ನೂರು ರೂಪಾಯಿ ಹೆಚ್ಚಾದರೂ ಆರುನೂರು ಎಲೆಗೆ ಅರುವತ್ತು ಸಾವಿರ ಹೆಚ್ಚುತ್ತದೆ. ಬಾಡಿಗೆಯಲ್ಲಿ ಉಳಿಯುತ್ತಿದ್ದದ್ದು ಅದಕ್ಕಿಂತ ಕಡಿಮೆ. ನನ್ನ ದೃಷ್ಟಿಯಲ್ಲಿ ಬಾಡಿಗೆಗಿಂತ ಮೊದಲು ವಿಚಾರಿಸಬೇಕಾದದ್ದು ಈ ಷರತ್ತನ್ನೇ.

ಪಾತ್ರೆ, ಕಸ ವಿಲೇವಾರಿ, ಸ್ವಚ್ಛತೆಯ ಖರ್ಚುಗಳು ರಸೀದಿಯಲ್ಲಿ ಹೇಳಿದಷ್ಟೇ ಆದವು. ಮುರಿದ ಎರಡು ಕುರ್ಚಿಗಳ ಹಣವನ್ನು ಹಿಡಿದುಕೊಂಡು ಉಳಿದ ಠೇವಣಿಯನ್ನು ಹಿಂದಿರುಗಿಸಿದ್ದಾರೆ.