ಲಂಡನ್‌ನಲ್ಲಿ ಒಂದೇ ಒಂದು ಭಾನುವಾರ, ಹಳೇ ರೂಮ್‌ಮೇಟ್‌ಗಳು: ಏನು ಮಾಡಲಿ?

ಕೇಳಿದ್ದು: ಜೂನ್‌ನಲ್ಲಿ ಆಫೀಸ್ ಕೆಲಸಕ್ಕೆ ಲಂಡನ್‌ಗೆ ಹೊರಟಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನ. ಶನಿವಾರ ಮಧ್ಯಾಹ್ನ ಹೀಥ್ರೂದಲ್ಲಿ ಇಳಿಯುತ್ತೇನೆ, ಸೋಮವಾರದಿಂದ ಕೆಲಸ. ಹಾಸ್ಟೆಲ್‌ನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಇಬ್ಬರು ಅಲ್ಲಿದ್ದಾರೆ. ಒಬ್ಬ ಹ್ಯಾರೋದಲ್ಲಿ, ಅವನ ಮನೆಯಲ್ಲೇ ಉಳಿಯುವುದು. ಇನ್ನೊಬ್ಬ ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಾನೆ. ಮೂವರೂ ಒಟ್ಟಿಗೆ ಕೂತು 21 ವರ್ಷ ಆಯ್ತು. ಭಾನುವಾರ ಊರು ನೋಡಲಾ, ಇಲ್ಲ ಮನೆಯಲ್ಲೇ ಹರಟಲಾ? ಹೋಗಿಬಂದವರು ಹೇಳಿ.

ಹೋದ ವರ್ಷ ಹೋಗಿಬಂದವರೊಬ್ಬರು: ಊರು ಎಲ್ಲಿಗೂ ಓಡಿಹೋಗುವುದಿಲ್ಲ, ಬಿಡಿ. ನಾನು ಹೋದಾಗಲೂ ಹೀಗೇ ಒಂದು ದಿನ ಸಿಕ್ಕಿತ್ತು. ಲಿಸ್ಟ್ ಮಾಡಿಕೊಂಡು ಹೋಗಿದ್ದೆ: ಬಿಗ್ ಬೆನ್, ಟವರ್ ಬ್ರಿಡ್ಜ್, ಮ್ಯೂಸಿಯಂ. ಒಂದನ್ನೂ ನೋಡಲಿಲ್ಲ. ಬೇಜಾರೂ ಆಗಲಿಲ್ಲ.

ನಡೆದದ್ದು ಇಷ್ಟು. ಗೆಳೆಯ ಸ್ಟೇಷನ್‌ಗೆ ಬಂದಿದ್ದ, ಪಕ್ಕದಲ್ಲಿ ಹೆಂಡತಿ. ನನ್ನನ್ನು ನೋಡಿದವನೇ 'ಬನ್ನಿ ಬನ್ನಿ, ಪ್ರಯಾಣ ಆರಾಮಾಗಿತ್ತಾ?' ಎಂದ. ನಾಲ್ಕು ವರ್ಷ ನನ್ನ ಟವಲ್ ಬಳಸಿದವನು 'ಬನ್ನಿ' ಅನ್ನುತ್ತಾನೆ! ನಾನೂ ಗಾಬರಿಯಲ್ಲಿ 'ಹೂಂ, ನೀವು ಹೇಗಿದ್ದೀರಿ' ಎಂದೆ. ಮನೆಗೆ ಹೋಗಿ ಸೋಫಾ ಮೇಲೆ ಕೂತೆವು. ಮಕ್ಕಳ ಶಾಲೆ, ಮನೆ ಸಾಲ, ಹವಾಮಾನ. ಮೂರೂ ಮುಗಿದವು. ಆಮೇಲೆ ಫೋನ್ ನೋಡಿಕೊಂಡು ಕೂತೆವು. ಅಷ್ಟು ದೂರ ಬಂದದ್ದೇ ತಪ್ಪಾಯಿತಾ ಅಂತ ಅನ್ನಿಸಿದ್ದು ನಿಜ.

ಆಮೇಲೆ ಅವನು ಟೀಗೆ ಹಾಲಿಟ್ಟ. ಹಾಸ್ಟೆಲ್‌ನಲ್ಲಿ ಕಾಯಿಲ್ ಸ್ಟವ್ ಮೇಲೆ ದಿನಾ ಉಕ್ಕಿಸುತ್ತಿದ್ದವನು ಅವನೇ. ಫ್ರಿಜ್ ಕಡೆ ತಿರುಗಿ ಏನೋ ಹುಡುಕುತ್ತಿದ್ದ. ಇಲ್ಲಿ ಹಾಲು ಅಂಚಿಗೆ ಬಂದಿತ್ತು. ನನ್ನ ಬಾಯಿಂದ ತಾನಾಗಿಯೇ ಬಂತು: 'ಲೇ, ಹಾಲು ನೋಡೋ!' ಅಷ್ಟರಲ್ಲಿ ಒಲೆಯೆಲ್ಲಾ ಬೆಳ್ಳಗಾಗಿತ್ತು. ಒರೆಸುತ್ತಾ ಅವನು ಬೈದ, ಹಳೇ ಭಾಷೆಯಲ್ಲೇ. ಅಲ್ಲಿಂದ ರಾತ್ರಿ ಹತ್ತೂವರೆವರೆಗೆ ಮಾತು ನಿಲ್ಲಲಿಲ್ಲ. ಹಾಗಾಗಿ ಹೋಟೆಲ್ ಗೀಟೆಲ್ ಬುಕ್ ಮಾಡಬೇಡಿ. ಅಡುಗೆಮನೆಯಲ್ಲಿ ನಿಲ್ಲಿ, ಈರುಳ್ಳಿ ಹೆಚ್ಚಿ. ಕೈಗೆ ಕೆಲಸ ಇದ್ದರೆ ಮಾತು ಬರುತ್ತದೆ. ಎದುರುಬದುರು ಕೂತರೆ ಇಂಟರ್‌ವ್ಯೂ ಆಗುತ್ತದೆ.

ಮಗಳ ಮನೆಗೆ ಎರಡು ಸಲ ಹೋಗಿಬಂದ ಒಬ್ಬರು: ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಪೂರ್ತಿ ದಿನ ಒಳಗೇ ಕೂತರೆ ನಿದ್ದೆ ಬಿಡುವುದಿಲ್ಲ. ಜೂನ್‌ನಲ್ಲಿ ಅಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಏಳು ಅಂದರೆ ನಿಮ್ಮ ಮೈಗೆ ರಾತ್ರಿ ಹನ್ನೊಂದೂವರೆ. ಆದರೆ ಹೊರಗೆ ಇನ್ನೂ ಬಿಸಿಲು, ಸೂರ್ಯ ಮುಳುಗುವುದು ಒಂಬತ್ತು ದಾಟಿದ ಮೇಲೆ. ಮಧ್ಯಾಹ್ನ ಸುಮ್ನೆ ಒರಗಿದೆ ಅಂದುಕೊಳ್ಳಿ, ರಾತ್ರಿ ಮೂರಕ್ಕೆ ಎದ್ದು ಸೂರು ನೋಡುತ್ತಿರುತ್ತೀರಿ. ಹಗಲಲ್ಲಿ ಎರಡು ಗಂಟೆಯಾದರೂ ಬೆಳಕಿಗೆ ಹೋಗಿ.

ಎಲ್ಲಿಗೆ ಅಂದರೆ, ಬಸವಣ್ಣನವರನ್ನು ನೋಡಲು. ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಸೇತುವೆಯಿಂದ ಸ್ವಲ್ಪ ಮುಂದೆ ಅಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅಂತ ಇದೆ. ಅಲ್ಲಿ ಬಸವೇಶ್ವರರ ಪ್ರತಿಮೆ, 2015ರ ನವೆಂಬರ್ 14ರಂದು ಅನಾವರಣ ಆದದ್ದು. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟ್. ಅನುಭವ ಮಂಟಪದವರಿಗೆ ಆ ಜಾಗ ಸಿಕ್ಕಿದ್ದು ನನಗೆ ತುಂಬಾ ಹಿಡಿಸಿತು. ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್‌ನಲ್ಲಿ ಇಳಿಯಿರಿ, ಸೇತುವೆ ದಾಟಿ ಬಲಕ್ಕೆ ತಿರುಗಿ ನದಿ ಪಕ್ಕದಲ್ಲೇ ನಡೆಯಿರಿ. ಬಿಗ್ ಬೆನ್ ಬೇಡವೆಂದರೂ ಕಾಣುತ್ತದೆ. ದಾರಿಯಲ್ಲಿ ಕೋವಿಡ್‌ನಲ್ಲಿ ಹೋದವರಿಗಾಗಿ ಕೆಂಪು ಹೃದಯಗಳನ್ನು ಬಿಡಿಸಿದ ಉದ್ದದ ಗೋಡೆ ಇದೆ. ಕೆಲವು ಹೃದಯಗಳಲ್ಲಿ ಹೆಸರುಗಳಿವೆ. ಅಲ್ಲಿ ನಮ್ಮವರೆಲ್ಲ ತಾವಾಗಿಯೇ ದನಿ ತಗ್ಗಿಸಿದರು. ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ದಡದಲ್ಲಿ ಬೆಂಚುಗಳಿವೆ, ಮೂವರು ಗೆಳೆಯರು ಸಂಜೆವರೆಗೆ ಕೂರಬಹುದು. ಚಿತ್ರಾನ್ನ ಕಟ್ಟಿಕೊಂಡು ಹೋಗಿ.

ಕಾರ್ಡ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ: ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದೇ ಇಲ್ಲ. ಹೀಥ್ರೂದಿಂದ ಹ್ಯಾರೋಗೆ ಎಸ್‌ಎಲ್9 ಬಸ್ ನೇರವಾಗಿ ಹೋಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಟ್ಯಾಪ್, ಅಂದರೆ ಕಾರ್ಡನ್ನು ಮೆಷಿನ್‌ಗೆ ಮುಟ್ಟಿಸುವುದು. ರೈಲಿನಲ್ಲಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ, ಅದೂ ಒಂದೇ ವಸ್ತುವಿನಿಂದ. ನಾನು ಕಾರ್ಡಿನಿಂದ ಹೋಗಿ ಫೋನಿನಿಂದ ಹೊರಬಂದೆ. ಕಾರ್ಡ್ ಅದೇ ಆದರೂ ಮೆಷಿನ್‌ಗೆ ನಾನು ಇಬ್ಬರು. ದಂಡ ಬಿತ್ತು.

ಹದಿನಾಲ್ಕು ವರ್ಷದಿಂದ ಅಲ್ಲೇ ಇರುವವರೊಬ್ಬರು: ಮನೆಯವರ ಕಡೆಯಿಂದ ನಾಲ್ಕು ಮಾತು. ಧಾರವಾಡ ಪೇಡ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ನಮ್ಮ ಪ್ಲಗ್ ಇಲ್ಲಿಯ ಸಾಕೆಟ್‌ಗೆ ಹೋಗುವುದಿಲ್ಲ, ಅಡಾಪ್ಟರ್ ಇರಲಿ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ, ಸಾಮಾನು ಶನಿವಾರವೇ ತಂದಿಡಲು ಗೆಳೆಯನಿಗೆ ಹೇಳಿ.

ಅಡುಗೆಮನೆಯಲ್ಲಿ ನಿಲ್ಲಿ ಎಂದವರು ಒಂದು ಬಿಟ್ಟರು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲು ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಹಾಕಿ. ಇಲ್ಲದಿದ್ದರೆ ಹೊಗೆ ಅಲಾರಂ ಕಿರುಚುತ್ತದೆ. ನನ್ನ ತಮ್ಮ ಬಂದ ದಿನ ನಾನು ಸ್ಟೂಲ್ ಹತ್ತಿ ಟವಲ್ ಬೀಸುತ್ತಿದ್ದೆ, ಅವನು ಕೆಳಗೆ ನಿಂತು ನಗುತ್ತಿದ್ದ. ಆಮೇಲೆ ಬಾತ್‌ರೂಮ್. ಬಹಳ ಮನೆಗಳಲ್ಲಿ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ. ಬಕೆಟ್, ಚೊಂಬು ಅಂತ ಟಬ್‌ನಿಂದ ಹೊರಗೆ ನಿಂತು ಸುರಿದುಕೊಂಡರೆ ಕೆಳಗಿನ ಕೋಣೆಯ ಸೀಲಿಂಗ್ ಸೋರುತ್ತದೆ. ಎಷ್ಟೇ ಹಳೇ ದೋಸ್ತಿ ಇರಲಿ, ಅದನ್ನು ಮಾತ್ರ ಯಾರೂ ನಗುತ್ತಾ ತಡೆದುಕೊಳ್ಳುವುದಿಲ್ಲ. ಚಟ್ನಿಪುಡಿ ತನ್ನಿ, ಎರಡು ಪ್ಯಾಕೆಟ್. ಬರ್ಮಿಂಗ್‌ಹ್ಯಾಮ್‌ನವನಿಗೂ ಒಂದು ಬೇಕಲ್ವಾ.