ಹೈಬ್ರಿಡ್ ಕುಟುಂಬ ಕಾರಿಗೆ ಹೆಚ್ಚುವರಿ ಹಣ ಕೊಡುವುದು ಸಾರ್ಥಕವೇ?

ಪ್ರಶ್ನೆ:
ಐದು ಜನ ಕೂರಬಹುದಾದ ಕಾರೊಂದನ್ನು ಕೊಳ್ಳಬೇಕೆಂದಿದ್ದೇವೆ. ನಾವು ಮೆಚ್ಚಿದ ಮಾದರಿ ಬರೀ ಪೆಟ್ರೋಲ್‌ನಲ್ಲೂ, ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ನಲ್ಲೂ ಸಿಗುತ್ತದೆ, ಆದರೆ ಎರಡರ ಬೆಲೆಗಳ ನಡುವಿನ ಅಂತರ ಸಣ್ಣದಲ್ಲ. ನಮ್ಮ ಓಡಾಟ ಬಹುಪಾಲು ನಗರದ ದಟ್ಟಣೆಯಲ್ಲಿ, ಆಗಾಗ ಹೆದ್ದಾರಿಯಲ್ಲಿ. ಉಳಿಯುವ ಇಂಧನದಿಂದ ಆ ಅಂತರ ತುಂಬಿ ಬರುತ್ತದೆಯೇ, ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ 1:
ಮೊದಲು ಅದು ಯಾವ ಬಗೆಯ ಹೈಬ್ರಿಡ್ ಎಂದು ವಿಚಾರಿಸಿ. ಮೈಲ್ಡ್ ಹೈಬ್ರಿಡ್ ಎಂದು ಮಾರುವ ಕಾರುಗಳಲ್ಲಿ ಸಣ್ಣ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ಸಾಮಾನ್ಯವಾಗಿ ತಾನೊಂದೇ ಕಾರನ್ನು ಎಳೆಯುವುದಿಲ್ಲ. ಅದರಿಂದ ಆಗುವ ಉಳಿತಾಯವೂ ಅಲ್ಪ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್‌ನಂತಹ ಸ್ಟ್ರಾಂಗ್ ಹೈಬ್ರಿಡ್‌ಗಳ ಮಾತೇ ಬೇರೆ. ಸಾಧಾರಣ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಶಾಖವಾಗಿ ಕಳೆದುಹೋಗುವ ಶಕ್ತಿಯ ಒಂದು ಭಾಗವನ್ನು ಇವುಗಳ ಮೋಟಾರು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರುತ್ತದೆ, ಮತ್ತೆ ಹೊರಡುವಾಗ ಮೋಟಾರೇ ಕಾರನ್ನು ಮುಂದೊಯ್ಯುತ್ತದೆ. ನಿಂತು ನಿಂತು ಸಾಗುವ ರಸ್ತೆಯಲ್ಲಿ ಲಾಭ ಹೆಚ್ಚಾಗುವುದು ಈ ಕಾರಣಕ್ಕೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮರಳಿ ಪಡೆಯಲು ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಅಂತರ ಕುಗ್ಗುತ್ತದೆ.

ಉತ್ತರ 2:
ಬೆಲೆಯ ಅಂತರವನ್ನು ಹಣದಲ್ಲಿ ನೋಡುವ ಬದಲು ಲೀಟರಿನಲ್ಲಿ ಅಳೆಯಿರಿ ಎಂಬುದು ನನ್ನ ಸಲಹೆ. ಆ ಅಂತರಕ್ಕೆ 2,000 ಲೀಟರ್ ಪೆಟ್ರೋಲ್ ಬರುತ್ತದೆ ಎಂದಿಟ್ಟುಕೊಳ್ಳೋಣ. ನಗರದಲ್ಲಿ ಸಾಧಾರಣ ಕಾರು ಲೀಟರಿಗೆ 15 ಕಿ.ಮೀ., ಹೈಬ್ರಿಡ್ 22 ಕಿ.ಮೀ. ಕೊಟ್ಟರೆ 10,000 ಕಿ.ಮೀ.ಗೆ ಸುಮಾರು 212 ಲೀಟರ್ ಉಳಿಯುತ್ತದೆ. ವರ್ಷಕ್ಕೆ ಅಷ್ಟೇ ಓಡಿಸುವವರಿಗೆ ಹಾಕಿದ ಹಣ ಮರಳಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು, 25,000 ಕಿ.ಮೀ. ಓಡಿಸುವವರಿಗೆ ನಾಲ್ಕು ವರ್ಷದೊಳಗೇ ಮರಳುತ್ತದೆ. ಹೆದ್ದಾರಿಯಲ್ಲಿ ಅದು 18 ಮತ್ತು 21 ಎಂದಾದರೆ 10,000 ಕಿ.ಮೀ.ಗೆ ಉಳಿಯುವುದು ಬರೀ 80 ಲೀಟರ್. ಇವೆಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಮಾದರಿಯನ್ನು ನಿಜವಾಗಿ ಓಡಿಸುತ್ತಿರುವವರಿಂದ ಪಡೆದ ಅಂಕಿಗಳನ್ನು ಇವುಗಳ ಜಾಗದಲ್ಲಿಡಿ, ಏಕೆಂದರೆ ಪ್ರಯೋಗಾಲಯದ ಮೈಲೇಜನ್ನು ನಂಬಿ ಇಷ್ಟು ದೊಡ್ಡ ಖರ್ಚಿಗೆ ಕೈಹಾಕುವುದು ಖಂಡಿತ ಸರಿಯಲ್ಲ.

ಉತ್ತರ 3:
ಬ್ಯಾಟರಿಯ ಬಗ್ಗೆ ಇರುವ ಭಯ ವಾಸ್ತವಕ್ಕಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಸ್ಟ್ರಾಂಗ್ ಹೈಬ್ರಿಡ್‌ಗಳ ನಿಯಂತ್ರಣ ವ್ಯವಸ್ಥೆಯು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಅದು ದೀರ್ಘಕಾಲ ಬಾಳುವುದಕ್ಕೆ ಇದೇ ಮುಖ್ಯ ಕಾರಣ. ಹಲವು ತಯಾರಕರು ಅದಕ್ಕೆ 8 ವರ್ಷಗಳ ವಾರಂಟಿ ನೀಡುತ್ತಾರೆ, ಆದರೂ ಷರತ್ತುಗಳನ್ನು ಓದಿಯೇ ಸಹಿ ಹಾಕಿ. ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಚೀಲ, ಹೊದಿಕೆ, ತಿಂಡಿಯ ಪುಡಿ ಎಲ್ಲವೂ ಅಲ್ಲಿಗೇ ಸೇರುವುದರಿಂದ ಆ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ, ಅದರ ಸೋಸುಜಾಲರಿಯನ್ನು ಸರ್ವೀಸ್ ವೇಳೆ ಶುಚಿಗೊಳಿಸಲು ಹೇಳಿ. ಹಿಂದಿನ ಡಿಕ್ಕಿಯ ಜಾಗವನ್ನೂ ಅಳೆದು ನೋಡಿ, ಕೆಲವು ಮಾದರಿಗಳಲ್ಲಿ ಬ್ಯಾಟರಿ ಅದನ್ನು ಕಿರಿದಾಗಿಸುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮದು ಸ್ಟ್ರಾಂಗ್ ಹೈಬ್ರಿಡ್ ಎಂದು ಖಚಿತವಾಯಿತು. ಮಾರಾಟಗಾರರು ಈಗ ಹೊರಗಿನ ವಿದ್ಯುತ್ತಿನಿಂದ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಮಾದರಿಯನ್ನೂ ತೋರಿಸುತ್ತಿದ್ದಾರೆ, ಆದರೆ ನಾವು ಕಾರು ನಿಲ್ಲಿಸುವಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲ.

ಉತ್ತರ 2 ಬರೆದವರು:
ಹಾಗಿದ್ದರೆ ಅದನ್ನು ಕೈಬಿಡಿ. ಚಾರ್ಜ್ ಮಾಡದ ಪ್ಲಗ್-ಇನ್ ಕಾರು ದೊಡ್ಡ ಬ್ಯಾಟರಿಯ ಭಾರವನ್ನು ಪೆಟ್ರೋಲ್ ಸುಟ್ಟೇ ಹೊರಬೇಕಾಗುತ್ತದೆ. ಯುರೋಪಿಯನ್ ಆಯೋಗವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಹೊರಸೂಸಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು ಇತ್ತು. ಜನ ಅವುಗಳನ್ನು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದಿರುವುದೇ ಅದಕ್ಕೆ ಮುಖ್ಯ ಕಾರಣ. ಸ್ಟ್ರಾಂಗ್ ಹೈಬ್ರಿಡ್ಡನ್ನು ನೀವು ದಿನವೂ ಹೋಗುವ ದಾರಿಯಲ್ಲೇ, ದಟ್ಟಣೆಯ ಹೊತ್ತಿನಲ್ಲೇ ಓಡಿಸಿ ನೋಡಲು ಕೇಳಿ. ಮನೆಯವರೆಲ್ಲರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.